ಮೋರಿ ಬಿಡಿಸದೆ ಉಳಿಸಿದ ದುಡ್ಡು

ನಮ್ಮ ತೋಟದ ತಿರುವಿನಲ್ಲಿ ಒಂದು ಮೋರಿ ಇದೆ. ಮೊದಲೆಲ್ಲ ಮೇ ತಿಂಗಳು ಬಂತೆಂದರೆ ರಸ್ತೆ ಕೆಲಸದ ಗ್ಯಾಂಗ್‌ನವರು ಗುದ್ದಲಿ, ಬುಟ್ಟಿ ಹಿಡಿದು ಬಂದು ಒಳಗೆ ಕೂತ ಸಿಲ್ವರ್ ಓಕ್ ಎಲೆ, ಕೆಸರು ಎಲ್ಲ ಎತ್ತಿ ಹಾಕುತ್ತಿದ್ದರು. ಮೂರು ವರ್ಷದಿಂದ ಯಾರೂ ಬಂದಿಲ್ಲ. ಕೇಳಿದರೆ "ದುರಸ್ತಿಗೆ ದುಡ್ಡಿಲ್ಲ" ಅಂತಾರೆ. ಕಳೆದ ಜುಲೈನಲ್ಲಿ ಮೋರಿ ಕಟ್ಟಿಕೊಂಡು ನೀರು ಮೇಲೆ ಹರಿದು ಅರ್ಧ ರಸ್ತೆ ಗದ್ದೆಗೆ ಜಾರಿತು. ಎರಡು ಆಳಿನ ಎರಡು ದಿನದ ಕೂಲಿ ಉಳಿಸಲು ಹೋಗಿ ಈಗ ಲಕ್ಷಗಟ್ಟಲೆಯ ತಡೆಗೋಡೆ ಬೇಕು. ಜನವರಿಯಲ್ಲಿ ಪಿಕಪ್‌ನವನು ಸುತ್ತು ಹಾಕಿ ಬರಬೇಕೆಂದು ಕಾಫಿ ಚೀಲಕ್ಕೆ 20 ರೂಪಾಯಿ ಜಾಸ್ತಿ ತಗೊಂಡ.

ಖರ್ಚಿಗೆ ಹಿಡಿತ ಬೇಕೇ ಬೇಕು. 2002ರಲ್ಲಿ ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ್ದು ಕರ್ನಾಟಕ. ವರ್ಷದ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಒಟ್ಟು ಸಾಲ ಶೇ 25ರೊಳಗೆ ಇರಲಿ ಅನ್ನುವ ಮಿತಿ ಒಳ್ಳೆಯದೇ. ಕಷ್ಟ ಬಂದಾಗ ಅದನ್ನು ಸಡಿಲಿಸಲೂ ಬರುತ್ತದೆ. ಕೋವಿಡ್ ವರ್ಷ 2020ರಲ್ಲಿ ಕೇಂದ್ರವೇ ರಾಜ್ಯಗಳು ಆ ವರ್ಷ ಹೊಸದಾಗಿ ಎತ್ತಬಹುದಾದ ಸಾಲದ ಮಿತಿಯನ್ನು ಶೇ 3ರಿಂದ ಶೇ 5ಕ್ಕೆ ಏರಿಸಿತ್ತು. ನನ್ನ ತಕರಾರು ಕತ್ತರಿ ಎಲ್ಲಿ ಬೀಳುತ್ತದೆ ಅನ್ನುವುದರ ಬಗ್ಗೆ. ಸಂಬಳ, ಪಿಂಚಣಿ, ಬಡ್ಡಿ ಮುಟ್ಟುವ ಹಾಗಿಲ್ಲ. ದುರಸ್ತಿಯ ಪರವಾಗಿ ಧರಣಿ ಕೂರುವವರಿಲ್ಲ, ಅದಕ್ಕೇ ಮೊದಲು ಕೈ ಬೀಳುವುದು.

ಗ್ಯಾರಂಟಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಬೆಳೆಗಾರ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ವಾರ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗಿ ನೋಡಿ. ತೋಟದ ಕೂಲಿಯವರಿರುವ ನಮ್ಮ ಲೈನ್‌ಮನೆಯ ಹೆಂಗಸರು ಒಣಮೀನು, ಈರುಳ್ಳಿ, ಮಕ್ಕಳಿಗೆ ಚಪ್ಪಲಿ ಕೊಳ್ಳುತ್ತಾರೆ. ಒಣಮೀನಿನವನು ಅದೇ ದುಡ್ಡಲ್ಲಿ ಮಧ್ಯಾಹ್ನ ಪಕ್ಕದ ಹೋಟೆಲಲ್ಲಿ ಊಟ ಮಾಡುತ್ತಾನೆ. ಕೈಯಲ್ಲಿ ಕಾಸಿಲ್ಲದವರಿಗೆ ಕೊಟ್ಟ ದುಡ್ಡು ವಾರದೊಳಗೆ ಊರಲ್ಲೇ ಮೂರು ಕೈ ದಾಟುತ್ತದೆ. ಆದರೆ ಅದನ್ನು ಕೊಡುವುದಕ್ಕೆ ಮೋರಿಯ ದುಡ್ಡು ಹೋಗಬಾರದು.

ಅರೇಬಿಕಾ ಕಾಫಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಟು ಬಿದ್ದ ವರ್ಷ ಗೊಬ್ಬರ ಕಡಿಮೆ ಮಾಡಬಹುದು, ಹೊಸ ಗಿಡ ಮುಂದೆ ಹಾಕಬಹುದು. ಕಾಂಡ ಕೊರೆಯುವ ಬೋರರ್ ಹುಳ ಹಿಡಿದ ಗಿಡ ಕಿತ್ತು ಸುಡುವ ಕೂಲಿಯನ್ನು ಮಾತ್ರ ಉಳಿಸಲಾಗದು. ಏಪ್ರಿಲ್‌ನಲ್ಲಿ ಆ ಹುಳ ದುಂಬಿಯಾಗಿ ಹೊರಬಂದರೆ ಪಕ್ಕದ ಸಾಲೂ ಹೋಯಿತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಇಳಿದದ್ದನ್ನು ಕಂಡವರು ನಾವು. ಅಂಥ ಮಳೆಯನ್ನು ಯಾವ ಮೋರಿಯೂ ತಡೆಯುವುದಿಲ್ಲ, ನಿಜ. ಆದರೆ ಕೊಡಗಿನಂಥ ಜಿಲ್ಲೆಯಲ್ಲಿ ಚರಂಡಿ, ಮೋರಿ, ತಡೆಗೋಡೆಯ ಹಣಕ್ಕೆ ಬೇರೆಯೇ ಲೆಕ್ಕ ಇಟ್ಟು, ಕೊರತೆ ಎಷ್ಟೇ ಇರಲಿ, ಏಪ್ರಿಲ್ ಒಳಗೆ ಬಿಡುಗಡೆ ಮಾಡಬೇಕು.

ನಿನ್ನೆ ನಾವು ಮೂರು ಮನೆಯವರು ಸೇರಿ ಮೋರಿ ಬಿಡಿಸಿದೆವು. ಹನ್ನೊಂದು ಬುಟ್ಟಿ ಕೆಸರು ಬಂತು.