ಅಧ್ಯಕ್ಷೆಯ ಯಜಮಾನರು

ಕಳೆದ ಮಳೆಗಾಲದಲ್ಲಿ, ಮನೆ ಕಂದಾಯದ ರಸೀದಿಯಲ್ಲಿ ತಪ್ಪಾಗಿ ಬಿದ್ದಿದ್ದ ಅಪ್ಪನ ಹೆಸರನ್ನು ಸರಿಪಡಿಸಿಕೊಳ್ಳಲೆಂದು ನಮ್ಮ ಕಡೆಯ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಅಧ್ಯಕ್ಷರ ಕೊಠಡಿಯ ಬಾಗಿಲಿನ ಮೇಲೆ ಮಹಿಳೆಯೊಬ್ಬರ ಹೆಸರಿತ್ತು. ಒಳಗೆ ತಿರುಗುವ ಕುರ್ಚಿಯಲ್ಲಿ ಜರ್ಕಿನ್ ತೊಟ್ಟ ಗಂಡಸೊಬ್ಬರು ಕುಳಿತು ಫೋನಿನಲ್ಲಿ ಜೆಸಿಬಿಯವನನ್ನು ಬೈಯುತ್ತಿದ್ದರು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಮಹಿಳೆ ಕಡತವೊಂದನ್ನು ಗಮನವಿಟ್ಟು ಓದುತ್ತಿದ್ದರು. ಇಬ್ಬರಲ್ಲಿ ಅಧ್ಯಕ್ಷರು ಯಾರು ಎಂದು ಕೇಳುವಷ್ಟು ಒರಟುತನ ನನಗಿಲ್ಲವಾದ್ದರಿಂದ ಗಂಡಸಿನ ಕಡೆ ತಿರುಗಿ "ತಾವು...?" ಎಂದಷ್ಟೇ ಅಂದೆ. "ನಾನು ಅಧ್ಯಕ್ಷರ ಯಜಮಾನ" ಎಂದರು. ಈ ಪದಕ್ಕೆ ಗಂಡ ಎಂಬ ಅರ್ಥವೂ ಇದೆ, ಒಡೆಯ ಎಂಬ ಅರ್ಥವೂ ಇದೆ. ಅವರು ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಿದರು.

1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಅಧ್ಯಕ್ಷರಿದ್ದಾರೆ, ಉಪಾಧ್ಯಕ್ಷರಿದ್ದಾರೆ, ಸದಸ್ಯರಿದ್ದಾರೆ, ಅಭಿವೃದ್ಧಿ ಅಧಿಕಾರಿಯೂ ಇದ್ದಾರೆ. ಯಜಮಾನರು ಮಾತ್ರ ಇಲ್ಲ. ಇದು ಗಂಭೀರ ಲೋಪ. 2010ರಲ್ಲಿ ಮಹಿಳಾ ಮೀಸಲಾತಿಯನ್ನು ಶೇಕಡಾ 50ಕ್ಕೆ ಏರಿಸಿದಾಗಲೇ, ಅಷ್ಟೇ ಸಂಖ್ಯೆಯ ಗಂಡಂದಿರಿಗೂ ಒಂದು ಪದನಾಮ, ಒಂದು ಕುರ್ಚಿ, ಸಭಾ ಭತ್ಯೆಯನ್ನು ಗೊತ್ತುಪಡಿಸಿದ್ದರೆ ಚೆನ್ನಾಗಿತ್ತು. ಈಗ ನೋಡಿ, ಚುನಾಯಿತರಾಗುವ ಯಾವ ಕಷ್ಟವನ್ನೂ ಪಡದೆ ಊರಿನ ಸೇವೆಗೆ ನಿಂತಿರುವ ಈ ಮಹನೀಯರು, ಪಾಪ, ಹೆಂಡತಿಯ ಗೌರವಧನದಲ್ಲೇ ಜೀಪಿಗೆ ಡೀಸೆಲ್ ಹಾಕಿಸಿಕೊಳ್ಳಬೇಕಾಗಿದೆ.

ಇದು ಬೇರೆ ಜಿಲ್ಲೆಯ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮದು ಕೊಡಗು. ಹೊರಗಿನವರು ಬಂದರೆ ಸಾಕು, ನಮ್ಮ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಿಲ್ಲವೆಂದು ಶುರುಮಾಡಿ, ಅಶ್ವಿನಿ ನಾಚಪ್ಪ ಅವರ ಓಟದಿಂದ ಹಿಡಿದು ಪಕ್ಕದ ಮನೆಯ ಹುಡುಗಿ ಹಾಕಿ ಸ್ಟಿಕ್ ಬೀಸಿದ ಬಗೆಯವರೆಗೆ ವರ್ಣಿಸಿ, ಮೂರನೇ ಲೋಟ ಕಾಫಿ ಕುಡಿಸಿಯೇ ಅವರನ್ನು ಬಿಡುತ್ತೇವೆ. ನಮ್ಮ ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವಾಗ ಹೆಂಗಸರೂ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಗುಂಡಿಗೆ ಕಾಯಿ ಸಿಡಿದರೆ ಚಪ್ಪಾಳೆ ಹೊಡೆಯುವವರಲ್ಲಿ ನಮ್ಮ ಯಜಮಾನರೇ ಮೊದಲಿಗರು. ಜೀವ ತೆಗೆಯಬಲ್ಲ ಕೋವಿಯನ್ನು ಹೆಣ್ಣಿನ ಕೈಗೆ ಕೊಡಲು ನಮಗೆ ಅಂಜಿಕೆಯಿಲ್ಲ. ಚರಂಡಿಯ ಬಿಲ್ಲು ಕೊಡುವಾಗ ಮಾತ್ರ ಕೈ ನಡುಗುತ್ತದೆ.

ಹಾಗೆಂದು ಇದು ಇಂದಿನವರ ಶೋಧನೆಯೂ ಅಲ್ಲ. ಅಷ್ಟು ಹೆಗ್ಗಳಿಕೆಯನ್ನು ಅವರಿಗೆ ಕೊಡಲಾಗದು. 1809ರಲ್ಲಿ ದೊಡ್ಡವೀರರಾಜೇಂದ್ರ ತೀರಿಕೊಂಡಾಗ ಗಂಡುಮಕ್ಕಳಿಲ್ಲದ ಕಾರಣ ಮಗಳು ದೇವಮ್ಮಾಜಿಗೆ ಕೊಡಗಿನ ಪಟ್ಟವಾಯಿತು. ರಾಣಿ ಇನ್ನೂ ಎಳೆಯ ಹುಡುಗಿ. ಆಡಳಿತ ನೋಡಿಕೊಳ್ಳಲೆಂದು ಬಂದ ಚಿಕ್ಕಪ್ಪ ಲಿಂಗರಾಜ ಅದನ್ನು ಎಷ್ಟು ಚೆನ್ನಾಗಿ ನೋಡಿಕೊಂಡನೆಂದರೆ, 1811ರ ಹೊತ್ತಿಗೆ ತಾನೇ ರಾಜನಾಗಿದ್ದ. ಅವನಿಗೆ ಸುಮಾರು ಎರಡು ವರ್ಷ ಬೇಕಾಯಿತು. ಈಗಿನವರು ಚುರುಕು: ಗೆಲುವಿನ ಪ್ರಮಾಣಪತ್ರ ಹೆಂಡತಿಯ ಕೈಸೇರುವ ಮೊದಲೇ ಹಾರ ಇವರ ಕೊರಳಿಗೆ ಬಿದ್ದಿರುತ್ತದೆ.

ಪಂಚಾಯಿತಿಯ ಎದುರಿನ ಹೋಟೆಲಿನಲ್ಲಿ ಕುಳಿತರೆ ಮಹಿಳಾ ರಾಜಕಾರಣದ ಎಲ್ಲ ಪಾಠಗಳೂ ಒಂದು ಚಹಾದ ಬೆಲೆಗೆ ಸಿಗುತ್ತವೆ. ಅಧ್ಯಕ್ಷೆ ಸುಮ್ಮನಿದ್ದರೆ ಬಾಯಿಯೇ ಇಲ್ಲ. ಮಾತಾಡಿದರೆ ಬಾಯಿ ಜಾಸ್ತಿ. ಸಾದಾ ಸೀರೆ ಉಟ್ಟರೆ ಆ ಪದವಿಗೆ ಲಕ್ಷಣವಿಲ್ಲ. ಒಳ್ಳೆಯದನ್ನು ಉಟ್ಟರೆ ದುಡ್ಡು ಎಲ್ಲಿಂದ ಬಂತು. ಮಡಿಕೇರಿಯ ಸಭೆ ಮುಗಿಸಿ ಕತ್ತಲಾದ ಮೇಲೆ ಬಂದರೆ, ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಇಡೀ ಊರನ್ನೇ ಕಾಡುತ್ತದೆ. ಕಾಫಿ ಕೊಯ್ಲಿನ ನಡುವೆಯೇ ತೋಟವನ್ನು ಲೆಕ್ಕ ಬರೆಯುವ ರೈಟರನ ಪಾಲಿಗೆ ಬಿಟ್ಟು, ಪಕ್ಷದ ಕೆಲಸವೆಂದು ವಾರಗಟ್ಟಲೆ ಬೆಂಗಳೂರಿನಲ್ಲಿ ಕುಳಿತ ಗಂಡಸಿನ ಬಗ್ಗೆ ಇದೇ ಬೆಂಚು ಹೇಳುವುದು ಬೇರೆ: ಊರಿಗಾಗಿ ಮನೆಮಠ ಬಿಟ್ಟವರು.

ಗ್ರಾಮಸಭೆಯೊಂದರಲ್ಲಿ ಇದೇ ಅಧ್ಯಕ್ಷೆ ಎದ್ದುನಿಂತು, ಬಿಲ್ಲಿನಲ್ಲಿ ಎರಡಿಂಚಿನ ಪೈಪು ಇದೆ, ನಮ್ಮ ಮನೆಯ ಮುಂದೆ ಅಗೆದಾಗ ಸಿಕ್ಕಿದ್ದು ಒಂದೂಕಾಲು ಇಂಚಿನದು, ಮಣ್ಣಿನೊಳಗೆ ಹೋದ ಮೇಲೆ ಪೈಪು ಬಡವಾಗುತ್ತದೆಯೇ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಸಭೆ ಕ್ಷಣಕಾಲ ಸ್ತಬ್ಧವಾಯಿತು. ಬಳಿಕ ಗುತ್ತಿಗೆದಾರರು ಬಹಳ ಮಮತೆಯಿಂದ, "ಅಕ್ಕಾ, ಅದೆಲ್ಲ ಟೆಕ್ನಿಕಲ್ ವಿಷಯ, ನೀವು ತಲೆ ಕೆಡಿಸಿಕೊಳ್ಳಬೇಡಿ, ಅಣ್ಣನ ಹತ್ತಿರ ಮಾತಾಡಿದ್ದೇನೆ" ಎಂದರು. ಅಣ್ಣ ಸಭಾಂಗಣದ ಕಿಟಕಿಯಿಂದ ಹೊರಗೆ ಮಳೆ ನೋಡುತ್ತಿದ್ದರು. ನಡಾವಳಿಯಲ್ಲಿ ಪೈಪಿನ ಮಾತೇ ಇಲ್ಲ. ಅಧ್ಯಕ್ಷರು ಎಲ್ಲರಿಗೂ ವಂದಿಸಿದರು ಎಂದಿದೆ.

ಮೇಲಿನ ಹಂತದಲ್ಲಿ ಭಾಷೆ ಇನ್ನೂ ನೇರ. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ಹಿರಿಯ ಶಾಸಕರೊಬ್ಬರು ಎದುರಾಳಿ ಅಭ್ಯರ್ಥಿ ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಎಂದರು. ಅವರು ಮತ ಕೇಳುತ್ತಿದ್ದುದು ಸ್ವಂತ ಸೊಸೆಗಾಗಿ. ಸೊಸೆ ಗೆದ್ದರು, ಸಂಸತ್ತಿಗೆ ಹೋದರು. ಮಾವನವರ ಸಿದ್ಧಾಂತದ ಪ್ರಕಾರ ಆ ಅಡುಗೆಮನೆಯ ಗತಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

ಕೊಡಗಿನಲ್ಲಿ ಹೆಣ್ಣು ವಿಧಾನಸಭೆಗೆ ನಿಂತರೆ ಗೆಲ್ಲುವುದಿಲ್ಲ ಎನ್ನುವವರಿಗೆ ವಿರಾಜಪೇಟೆಯಿಂದ ಗೆದ್ದು ಮಂತ್ರಿಯೂ ಆದ ಸುಮಾ ವಸಂತ್ ನೆನಪಾಗುವುದಿಲ್ಲ. ನೆನಪಿಸಿದರೆ, ಅದು ಬೇರೆ ಕಾಲ ಎನ್ನುತ್ತಾರೆ. ಈ ಕಾಲದ ಲೆಕ್ಕ ಹೀಗಿದೆ: 2023ರ ಚುನಾವಣೆಯಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಮಹಿಳೆಯರು ಗೆದ್ದದ್ದು 10. ಕನ್ನಡಿಗ ಪ್ರಧಾನಿ ದೇವೇಗೌಡರ ಸರ್ಕಾರ 1996ರಲ್ಲಿ ಮೊದಲ ಬಾರಿಗೆ ಮಂಡಿಸಿದ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲಿನ ಮಹಿಳಾ ಮೀಸಲಾತಿ, 27 ವರ್ಷ ಓಡಾಡಿ, 2023ರಲ್ಲಿ ಬೇರೊಂದು ಮಸೂದೆಯ ರೂಪದಲ್ಲಿ ಅಂಗೀಕಾರವಾಯಿತು. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯಾದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿದ್ದಾರೆ. ಮದುವೆ ನಿಶ್ಚಯವಾಗಿದೆ, ಮುಹೂರ್ತಕ್ಕೆ ಮುಂಚೆ ಊರಿನವರನ್ನೆಲ್ಲ ಎಣಿಸಿ ಜಮೀನಿನ ಸರ್ವೆ ಮುಗಿಸಬೇಕು ಎಂದಂತೆ. ನಮ್ಮ ಜಿಲ್ಲೆಗಿರುವುದು ಎರಡೇ ಕ್ಷೇತ್ರ, ಅದರಲ್ಲಿ ಮೂರನೇ ಒಂದು ಪಾಲೆಂದರೆ ಒಬ್ಬ ಮಹಿಳೆಯ ಮೂರನೇ ಎರಡು ಭಾಗ. ಉಳಿದ ಭಾಗವನ್ನು ಯಜಮಾನರು ಭರ್ತಿ ಮಾಡಿಕೊಡಲು ಈಗಲೇ ಸಿದ್ಧರಿದ್ದಾರೆ.

ನನ್ನ ರಸೀದಿಯ ಕೆಲಸ ಎರಡನೇ ಭೇಟಿಯಲ್ಲಿ ಮುಗಿಯಿತು. ಆ ದಿನ ತಿರುಗುವ ಕುರ್ಚಿ ಖಾಲಿಯಿತ್ತು. ಅಧ್ಯಕ್ಷೆ ರೂಢಿಯಂತೆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಇದ್ದರು. ಮೂರು ತಿಂಗಳಿಂದ ಸಂಬಳವಿಲ್ಲದ ನೀರುಗಂಟಿ ಬಾಗಿಲಲ್ಲಿ ಕೊಡೆ ಮಡಚಿ ನಿಂತಿದ್ದ. ಬಿಲ್ಲು ತಯಾರಾಗಿದೆ, ಕರೆಂಟೂ ಇದೆ, ನೆಟ್‌ವರ್ಕ್ ಕೂಡ ಅಪರೂಪಕ್ಕೆ ಬಂದಿದೆ, ಅಧ್ಯಕ್ಷರ ಡಿಜಿಟಲ್ ಸಹಿಯ ಡಾಂಗಲ್ ಒಂದು ಸಿಕ್ಕಿದರೆ ಸಾಕು ಎಂದರು ಪಿಡಿಒ. ಡಾಂಗಲ್ ಯಜಮಾನರ ಜೀಪಿನ ಕೀ ಗೊಂಚಲಿನಲ್ಲಿತ್ತು. ಜೀಪು ಕರಿಮೆಣಸು ಹೇರಿಕೊಂಡು ಮೈಸೂರಿಗೆ ಹೋಗಿತ್ತು.

"ಸಂಜೆ ಬನ್ನಿ" ಎಂದು ನೀರುಗಂಟಿಗೆ ಹೇಳಿದ ಅಧ್ಯಕ್ಷೆ ಕಡತ ಮುಚ್ಚಿ, ನನ್ನತ್ತ ನೋಡಿ ಸಣ್ಣಗೆ ನಕ್ಕರು. "ಜೀಪು ಬಂದ ಮೇಲೆ ನಾನು ಅಧ್ಯಕ್ಷೆ."