ಸತ್ಯಾಂಶ: ಗರ್ಭಕೋಶ ತೆಗೆಸಿದರೆ ಬೆನ್ನು ನೋವು ಹೋಗುತ್ತದಾ?

‘ಎಂಡೊಮೆಟ್ರಿಯೋಸಿಸ್ ಇದ್ದರೆ ಗರ್ಭಕೋಶ ತೆಗೆಸಿ, ಬೆನ್ನು ನೋವು ಬುಡಸಮೇತ ಮಾಯ’ ಎಂಬ ಮೆಸೇಜ್ ನಮ್ಮ ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. ಪೂರ್ತಿ ನಿಜವಲ್ಲ.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅದರ ಹೊರಗೆ ಬೆಳೆಯುವುದೇ ಈ ಕಾಯಿಲೆ. ಅಂಡಾಶಯ, ಕರುಳು, ಗರ್ಭಕೋಶವನ್ನು ಬೆನ್ನಿನ ಬುಡಕ್ಕೆ ಬಿಗಿದಿಡುವ ಕಟ್ಟುಗಳು, ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತದೆ. ಅಲ್ಲಿ ಅದು ಉಳಿದರೆ ನೋವೂ ಉಳಿಯಬಹುದು, ಅಲ್ವಾ? ಅಂಡಾಶಯ ಇದ್ದರೆ ಅದರಿಂದ ಬರುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಆ ಅಂಗಾಂಶಕ್ಕೆ ಗೊಬ್ಬರ ಹಾಕುತ್ತಲೇ ಇರುತ್ತದೆ. ಹಾಗಂತ ಸುಮ್ನೆ ಅಂಡಾಶಯವನ್ನೂ ತೆಗೆಸಿಬಿಡುವಂತಿಲ್ಲ. ಚಿಕ್ಕ ವಯಸ್ಸಿಗೇ ಆ ಹಾರ್ಮೋನು ನಿಂತರೆ ಮೂಳೆ ಬೇಗ ಸವೆಯುತ್ತದೆ.

ಆಪರೇಷನ್‌ನಿಂದ ಅನೇಕರಿಗೆ ನೋವು ಕಡಿಮೆಯಾಗುವುದು ನಿಜ. ನಮ್ಮ ಚಿಕ್ಕಮ್ಮನಿಗೂ ಆಗಿದೆ, ಆದರೆ ಪೂರ್ತಿ ಹೋಗಿಲ್ಲ. ಅಡಿಕೆ ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು, ಜಗಲಿಯ ಕಂಬ ಹಿಡಿದು ಸೊಂಟ ನೆಟ್ಟಗೆ ಮಾಡುತ್ತಾರೆ. ‘ತೆಗೆಸಿ ಆಯ್ತಲ್ಲ, ಇನ್ನೆಂಥ ನೋವು?’ ಎಂದವರಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಾರೆ.