ಕರೆಂಟ್ ಹೋದರೆ ನಮಗೊಂದು ಫೋನ್ ಮಾಡಿ

ಅಂತೂ ತಾಮ್ರದ ಟೆಲಿಫೋನ್ ತಂತಿಗೆ ವಯಸ್ಸಾಯಿತು. ಮಳೆ ಬಿದ್ದರೆ ಗೊರಗೊರ ಸದ್ದು, ಜಾಯಿಂಟುಗಳಲ್ಲಿ ಕಿಲುಬು, ರಿಪೇರಿ ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರು, ಉಳಿದದ್ದಕ್ಕೆ ಕಳ್ಳರ ಕಣ್ಣು. ಫೈಬರ್ ಬರಲಿ, ಬೇಡ ಅಂದವರು ಯಾರು? ಆದರೆ ಈ ಮುದುಕನಿಗೊಂದು ಕೆಟ್ಟ ಚಾಳಿಯಿತ್ತು: ಬರುವಾಗ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿದ್ದ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ಅದೇ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್. ಛೆ, ಎಂಥ ಹಿಂದುಳಿದ ವ್ಯವಸ್ಥೆ!

ಫೈಬರ್ ಅಂದರೆ ಗಾಜಿನ ಎಳೆ; ಅದು ಬೆಳಕು ಹೊರುತ್ತದೆ, ಕರೆಂಟ್ ಹೊರುವುದಿಲ್ಲ. ಹಾಗಾಗಿ ಗೋಡೆಗೊಂದು ಪೆಟ್ಟಿಗೆ, ಪಕ್ಕದಲ್ಲೊಂದು ರೂಟರ್. ಪ್ಲಗ್ಗೂ ನಿಮ್ಮದು, ಬಿಲ್ಲೂ ನಿಮ್ಮದು. ಕರೆಂಟ್ ಹೋಯಿತೋ, ಹಸಿರು ದೀಪಗಳೆಲ್ಲ ಒಟ್ಟಿಗೇ ಆರುತ್ತವೆ, ಫೋನೂ ಅವುಗಳ ಹಿಂದೆಯೇ ಹೋಗುತ್ತದೆ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2015ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿತು: ಎಂಟು ಗಂಟೆ ಬಾಳುವ ಬ್ಯಾಟರಿ ಬ್ಯಾಕಪ್ಪನ್ನು, 2019ರಿಂದ 24 ಗಂಟೆಯದನ್ನೂ, 2025ರವರೆಗೆ ಕಂಪನಿ ಒದಗಿಸಬೇಕಿತ್ತು. ದುಡ್ಡು? ಗ್ರಾಹಕರದೇ ಸ್ವಾಮಿ, ಮತ್ತಾರದು!

ಬ್ರಿಟನ್ನಿನ ನಿಯಂತ್ರಕ ಆಫ್‌ಕಾಮ್ ಇನ್ನೂ ಮಿತಭಾಷಿ. ಮನೆಯ ಫೋನನ್ನೇ ನಂಬಿದವರು ಕರೆಂಟ್ ಹೋದಾಗ ತುರ್ತು ಕರೆ ಮಾಡಲು ಕನಿಷ್ಠ ಒಂದು ಗಂಟೆಯ ಬ್ಯಾಕಪ್ ಸಾಕು ಎಂದಿತು. ಎದೆನೋವು ಬರುವುದಿದ್ದರೆ ಅಷ್ಟರೊಳಗೆ ಬಂದುಬಿಡಬೇಕು; ಎಪ್ಪತ್ತನೇ ನಿಮಿಷಕ್ಕೆ ಬಂದರೆ ಅದು ರೋಗಿಯ ಅಶಿಸ್ತು. ಅಲ್ಲಿ ಒಂಟಿ ವೃದ್ಧರು ಕೊರಳಿಗೆ ತೂಗುಹಾಕಿಕೊಳ್ಳುವ, ಮನೆಯ ಫೋನ್ ಲೈನಿನಲ್ಲೇ ಸಹಾಯ ಕರೆಯುವ ತುರ್ತು ಗುಂಡಿಯೊಂದಿದೆ. ಲೈನ್ ಬದಲಾದ ಮೇಲೆ ಕೆಲವರು ಗುಂಡಿ ಒತ್ತಿದರೆ ಕರೆ ಹೋಗಲೇ ಇಲ್ಲ. ಆಮೇಲೆ ಎಲ್ಲರಿಗೂ ಜ್ಞಾನೋದಯವಾಗಿ, ಹಳೇ ಲೈನ್ ಮುಚ್ಚುವ 2025ರ ಡಿಸೆಂಬರ್ ಗಡುವು 2027ರ ಜನವರಿಗೆ ಹೋಯಿತು.

ವೈರ್‌ಲೆಸ್ ಕಥೆ ಇನ್ನೂ ಸೊಗಸು. 2012ರ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿನ ಫೈರ್ ಐಲ್ಯಾಂಡಿನ ತಂತಿಗಳನ್ನು ಕೆಡವಿತು. ವೆರೈಜನ್ ಕಂಪನಿ ಮರಳಿ ತಂತಿ ಎಳೆಯುವ ಬದಲು ವಾಯ್ಸ್ ಲಿಂಕ್ ಎಂಬ ವೈರ್‌ಲೆಸ್ ಡಬ್ಬಿ ಮುಂದಿಟ್ಟಿತು. ಅದರಲ್ಲಿ ಮಾತಾಡಬಹುದು. ಫ್ಯಾಕ್ಸ್ ಹೋಗದು, ಅಂಗಡಿಯ ಕಾರ್ಡ್ ಯಂತ್ರ ನಡೆಯದು, ಇಂಟರ್ನೆಟ್ಟಂತೂ ಕೇಳಲೇಬೇಡಿ. ಇಷ್ಟೆಲ್ಲ ಬಿಟ್ಟುಕೊಟ್ಟದ್ದಕ್ಕೆ ಹೆಸರು ಮಾತ್ರ ಸುಧಾರಣೆ. ದ್ವೀಪದವರು ಗಲಾಟೆ ಎಬ್ಬಿಸಿದರು. 2013ರಲ್ಲಿ ಕಂಪನಿ ಫೈಬರ್ ಎಳೆಯಲು ಒಪ್ಪಿತು. ಅಲ್ಲಿಯವರೆಗೆ ಅಸಾಧ್ಯವಾಗಿದ್ದದ್ದು ಗಲಾಟೆಯಾದ ಮೇಲೆ ಸಾಧ್ಯವಾಯಿತು, ಇದಕ್ಕೆ ಭೌತಶಾಸ್ತ್ರದಲ್ಲಿ ಏನೋ ವಿವರಣೆ ಇರಬೇಕು.

ನನಗನ್ನಿಸುವುದು, ಈ ಫೋನ್ ಕಂಪನಿಗಳಿಗೆ ಭಾರವಾದದ್ದು ತಂತಿಯಲ್ಲ. ಕೇಳಿದವರಿಗೆಲ್ಲ ಲೈನ್ ಕೊಡಲೇಬೇಕೆಂಬ ಹಳೇ ಬಾಧ್ಯತೆಯೊಂದು ಅದಕ್ಕೆ ಗಂಟುಬಿದ್ದಿದೆ. ಕ್ಯಾಲಿಫೋರ್ನಿಯಾದಲ್ಲಿ ಅದರಿಂದ ಬಿಡುಗಡೆ ಕೊಡಿ ಎಂದು ಎಟಿ ಅಂಡ್ ಟಿ 2023ರಲ್ಲಿ ಅರ್ಜಿ ಹಾಕಿತು. 2024ರ ಜೂನ್‌ನಲ್ಲಿ ರಾಜ್ಯದ ಆಯೋಗ ತಳ್ಳಿಹಾಕಿತು. ಅದೇ ಡಿಸೆಂಬರ್‌ನಲ್ಲಿ ಕಂಪನಿ, 2029ರ ಕೊನೆಗೆ ತನ್ನ ಬಹುಪಾಲು ಪ್ರದೇಶದಲ್ಲಿ ತಾಮ್ರಕ್ಕೆ ವಿದಾಯ ಎಂದು ಸಾರಿತು. ಕ್ಯಾಲಿಫೋರ್ನಿಯಾ ಒಂದನ್ನು ಬಿಟ್ಟು. ಅಲ್ಲಿನ ಹವೆ ತಾಮ್ರಕ್ಕೆ ಒಗ್ಗುತ್ತದೋ ಏನೋ.